ಹಳದಿ ಗರುಗವೋ, ಸಿಂಗಾಪುರ ಡೇಸಿಯೋ: ತೋಡಿನ ಬದಿಯ ಹಳದಿ ಹೂವನ್ನು ಗುರುತಿಸುವ ಸಮಗ್ರ ಮಾರ್ಗದರ್ಶಿ

ಕಾಸರಗೋಡು ಜಿಲ್ಲೆಯ ಮಂಜೇಶ್ವರದಿಂದ ತೆಂಕಕ್ಕೆ ಯಾವ ಒಳರಸ್ತೆ ಹಿಡಿದರೂ ಈ ನೋಟ ಸಿಕ್ಕೇ ಸಿಗುತ್ತದೆ. ಕೆಂಪುಕಲ್ಲಿನ ದರೆಯ (ಕಡಿದಾದ ದಿಬ್ಬದ) ಮೇಲಿಂದ ಕಂಬಳಿ ಹೊದಿಸಿದಂತೆ ಇಳಿಬಿದ್ದ ಹಸಿರು, ಅದರ ಮೇಲೆಲ್ಲ ಎರಡು ಮೂರು ಸೆಂಟಿಮೀಟರ್ ಅಗಲದ ಹಳದಿ ಹೂ. ಬದಿಯಡ್ಕ, ಪೆರ್ಲ, ಮುಳ್ಳೇರಿಯದ ಕಡೆ ಹೋದರೆ ಅಡಿಕೆ ತೋಟದ ಉಜಿರುಕಣಿಯ (ನೀರು ಬಸಿಯುವ ಕಾಲುವೆಯ) ಅಂಚಿನಲ್ಲೂ ಅದೇ ಹೂ. ಇತ್ತ ಕುಂಬಳೆಯ ಗದ್ದೆಬಯಲಿನ ಹುಣಿಯಲ್ಲಿ (ಗದ್ದೆಯ ಬದುವಿನಲ್ಲಿ) ಇನ್ನೊಂದು ಹಳದಿ ಹೂ ಇದೆ. ಬಣ್ಣ ಅದೇ, ಅಳತೆಯೂ ಹೆಚ್ಚುಕಡಿಮೆ ಅದೇ, ನೆಲಕ್ಕೆ ಹಬ್ಬುವ ಕ್ರಮವೂ ಅದೇ. ಆದರೆ ಗಿಡ ಬೇರೆ.

ಮೊದಲನೆಯದು ಅಮೆರಿಕದ ಉಷ್ಣವಲಯದಿಂದ ಬಂದು ನಮ್ಮಲ್ಲಿ ನೆಲೆಸಿದ ಸ್ಫಾಗ್ನೆಟಿಕೋಲಾ ಟ್ರೈಲೋಬೇಟಾ. ನರ್ಸರಿಯವರು ಇದನ್ನು ವೆಡೇಲಿಯಾ ಎಂದೋ ಸಿಂಗಾಪುರ ಡೇಸಿ ಎಂದೋ ಮಾರುತ್ತಾರೆ. ಸಿಂಗಾಪುರಕ್ಕೂ ಅದರ ಹುಟ್ಟೂರಿಗೂ ಸಂಬಂಧವಿಲ್ಲ. ಮೆಕ್ಸಿಕೊ, ಕೆರಿಬಿಯನ್ ದ್ವೀಪಗಳು, ದಕ್ಷಿಣ ಅಮೆರಿಕದ ಬಿಸಿಪ್ರದೇಶ ಅದರ ತವರು. ಎರಡನೆಯದು ಇಲ್ಲಿಯದೇ ಆದ ಹಳದಿ ಗರುಗ, ಸ್ಫಾಗ್ನೆಟಿಕೋಲಾ ಕ್ಯಾಲೆಂಡುಲೇಸಿಯಾ. ಆಯುರ್ವೇದದಲ್ಲಿ ಪೀತಭೃಂಗರಾಜ ಎನ್ನುವುದು, ಮಲಯಾಳದವರು ಮಂಞ ಕಯ್ಯೊನ್ನಿ ಎನ್ನುವುದು ಇದನ್ನೇ.

ಇವೆರಡನ್ನು ಅದಲುಬದಲು ಮಾಡಿದರೆ ನಷ್ಟ ಎರಡು ಬಗೆಯದು. ತಲೆಗೆ ಹಚ್ಚುವ ಎಣ್ಣೆ ಕಾಯಿಸಲು ಗರುಗವೆಂದು ತಂದ ಸೊಪ್ಪು ಪರದೇಶಿ ಗಿಡದ್ದಾಗಿರುತ್ತದೆ. ಪರದೇಶಿ ಕಳೆ ಎಂದು ಹುಣಿ ಕೆತ್ತುವಾಗ ಬೇರುಸಹಿತ ಹೋಗುವುದು ಊರಿನ ಔಷಧಿ ಗಿಡವಾಗಿರುತ್ತದೆ. ಎರಡನೆಯದನ್ನು ನಾವು ಹೆಚ್ಚು ಗಂಭೀರವಾಗಿ ತೆಗೆದುಕೊಳ್ಳುತ್ತೇವೆ. ತಪ್ಪಿ ತಂದ ಸೊಪ್ಪನ್ನು ಎಸೆಯಬಹುದು, ಕೆತ್ತಿಹೋದ ಹುಣಿಯ ಗಿಡ ಮತ್ತೆ ಬರುವುದು ಕಷ್ಟ. ಗದ್ದೆಗಳೇ ತೋಟವಾಗುತ್ತಿರುವ ಕಾಲದಲ್ಲಿ ಅದಕ್ಕೆ ಉಳಿದಿರುವ ಜಾಗವೂ ಕಡಿಮೆ.

ಹೆಸರಿನ ಗೋಜಲು ಮೊದಲು ಬಿಡಿಸಿಕೊಳ್ಳಿ

ಗೊಂದಲದ ಅರ್ಧ ಪಾಲು ಹೆಸರಿನಲ್ಲೇ ಇದೆ. ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನೇಯಸ್ 1759ರಲ್ಲಿ ಪರದೇಶಿ ಗಿಡಕ್ಕೆ ಸಿಲ್ಫಿಯಂ ಟ್ರೈಲೋಬೇಟಂ ಎಂದು ಹೆಸರಿಟ್ಟ. 1893ರಲ್ಲಿ ಅದು ವೆಡೇಲಿಯಾ ಕುಲಕ್ಕೆ ಬಂತು. 1996ರಲ್ಲಿ ಪ್ರುಸ್ಕಿ ಎಂಬ ಸಸ್ಯವಿಜ್ಞಾನಿ ಸ್ಫಾಗ್ನೆಟಿಕೋಲಾ ಕುಲಕ್ಕೆ ಸೇರಿಸಿದರು. ಈಗ ಬಳಕೆಯಲ್ಲಿರುವುದು ಆ ಹೆಸರು. ನಮ್ಮ ಹಳದಿ ಗರುಗವೂ ಹಳೆಯ ಗ್ರಂಥಗಳಲ್ಲಿ ವೆಡೇಲಿಯಾವೇ: ಕೆಲವೆಡೆ ವೆಡೇಲಿಯಾ ಕ್ಯಾಲೆಂಡುಲೇಸಿಯಾ, ಕೆಲವೆಡೆ ವೆಡೇಲಿಯಾ ಚೈನೆನ್ಸಿಸ್. ಹೀಗಾಗಿ ಔಷಧಿ ಪುಸ್ತಕದಲ್ಲಿ ‘ವೆಡೇಲಿಯಾ’ ಎಂದು ಓದಿದವರು ನರ್ಸರಿಯಲ್ಲಿ ‘ವೆಡೇಲಿಯಾ’ ಕೇಳಿದರೆ ಕೈಗೆ ಸಿಗುವುದು ಬೇರೆಯೇ ಗಿಡ. 1956ರಲ್ಲಿ ಟಿ. ಆರ್. ಗೋವಿಂದಾಚಾರಿ ಮತ್ತು ಸಂಗಡಿಗರು ವೆಡೆಲೊಲ್ಯಾಕ್ಟೋನ್ ಎಂಬ ವಸ್ತುವನ್ನು ಬೇರ್ಪಡಿಸಿದ್ದು ವೆಡೇಲಿಯಾ ಕ್ಯಾಲೆಂಡುಲೇಸಿಯಾದಿಂದ. ಆ ಮಾತನ್ನು ನರ್ಸರಿಯ ವೆಡೇಲಿಯಾಕ್ಕೆ ಅಂಟಿಸುವುದು ತಪ್ಪು.

ಆದ್ದರಿಂದ ವೆಡೇಲಿಯಾ ಎಂಬ ಒಂದೇ ಪದವನ್ನು ನಂಬಬೇಡಿ. ಅದರ ಮುಂದಿನ ಪದ ಟ್ರೈಲೋಬೇಟಾವೋ ಕ್ಯಾಲೆಂಡುಲೇಸಿಯಾವೋ ಎಂದು ಕೇಳಿ.

ಬೇಕಾಗುವ ಸಾಮಾನು

ಹತ್ತು ಪಟ್ಟು ಹಿಗ್ಗಿಸಿ ತೋರಿಸುವ ಕೈಲೆನ್ಸ್ ಒಂದು, ಮಿಲಿಮೀಟರ್ ಗೆರೆಯಿರುವ 15 ಸೆಂಟಿಮೀಟರ್ ಸ್ಕೇಲ್, ಹೊಸ ಬ್ಲೇಡ್, ಒಂದು ಸೇಫ್ಟಿ ಪಿನ್ನು, ಒಂದು ಬಿಳಿ ಮತ್ತೊಂದು ಕಪ್ಪು ಕಾಗದ, ಬಾಯಿ ಕಟ್ಟಬಹುದಾದ ಪ್ಲಾಸ್ಟಿಕ್ ಚೀಲ, ಪೆನ್ಸಿಲ್ಲು. ಪೆನ್ನು ಬೇಡ, ನಮ್ಮೂರಿನ ಮಳೆಗೆ ಪೆನ್ನಿನ ಬರಹ ನಿಲ್ಲುವುದಿಲ್ಲ. ಲೆನ್ಸನ್ನು ಗಿಡದ ಹತ್ತಿರ ಹಿಡಿಯುವುದಲ್ಲ, ಕಣ್ಣಿಗೆ ಒತ್ತಿ ಹಿಡಿದು ಗಿಡದ ತುಂಡನ್ನು ಲೆನ್ಸಿನ ಹತ್ತಿರ ತನ್ನಿ. ಹತ್ತು ಪಟ್ಟಿನ ಲೆನ್ಸಿಗೆ ಸುಮಾರು ಎರಡೂವರೆ ಸೆಂಟಿಮೀಟರ್ ದೂರದಲ್ಲಿ ಚಿತ್ರ ಸ್ಪಷ್ಟವಾಗುತ್ತದೆ.

ಹೊತ್ತು ಬೆಳಗಿನ ಎಂಟರಿಂದ ಹನ್ನೊಂದು. ಇಬ್ಬನಿ ಆರಿರಬೇಕು, ಹೂ ಪೂರ್ತಿ ಬಿರಿದಿರಬೇಕು. ಪರದೇಶಿ ಗಿಡ ನೀರಿನ ಪಸೆಯಿರುವಲ್ಲಿ ವರ್ಷವಿಡೀ ಹೂ ಬಿಡುತ್ತದೆ. ಹುಣಿಯ ಗಿಡವನ್ನು ನೋಡಲು ಏಣೆಲು (ಮಳೆಗಾಲದ ಭತ್ತದ ಬೆಳೆ) ಕೊಯ್ಲಾದ ಮೇಲೆ ಹೋಗುವುದು ಒಳ್ಳೆಯದು. ಆಗ ಹುಣಿಯ ಹುಲ್ಲು ತಗ್ಗಿರುತ್ತದೆ, ಕಾಲಿಡಲೂ ಜಾಗವಿರುತ್ತದೆ.

ಹಂತ 1: ಮುಟ್ಟುವ ಮೊದಲು ನಿಂತು ನೋಡಿ

ಐದಾರು ಹೆಜ್ಜೆ ಹಿಂದೆ ನಿಂತು ಗಿಡದ ಹಬ್ಬನ್ನು, ಎಂದರೆ ಅದು ಹರಡಿದ ರೀತಿಯನ್ನು, ನೋಡಿ. ಟ್ರೈಲೋಬೇಟಾ ಹಬ್ಬಿದಲ್ಲಿ ಸಾಮಾನ್ಯವಾಗಿ ಬೇರೆ ಗಿಡಕ್ಕೆ ಜಾಗವಿರುವುದಿಲ್ಲ. ನೆಲ ಕಾಣದಂತೆ ಮುಚ್ಚಿ, ಮೊಣಕಾಲೆತ್ತರಕ್ಕೆ ಒಂದರ ಮೇಲೊಂದು ಏರಿ, ದರೆಯಿದ್ದರೆ ಅಂಚಿನಿಂದ ಒಂದೆರಡು ಮೀಟರ್ ಇಳಿಬಿದ್ದಿರುತ್ತದೆ. ಹಳದಿ ಗರುಗ ಹುಲ್ಲಿನ ನಡುವೆ, ಒಂದೆಲಗದ ಜೊತೆ ಎಡೆ ಹಂಚಿಕೊಂಡು, ಸಣ್ಣ ಸಣ್ಣ ಪಟ್ಟಿಯಾಗಿ ಬೆಳೆಯುತ್ತದೆ. ಇದರ ಮೇಲೆಯೇ ತೀರ್ಪು ಕೊಡಬೇಡಿ. ಹೊಸದಾಗಿ ಬಂದ ಟ್ರೈಲೋಬೇಟಾವೂ ಮೊದಲ ವರ್ಷ ಸಣ್ಣ ಪಟ್ಟಿಯೇ, ಗೊಬ್ಬರದ ನೀರು ಹರಿಯುವಲ್ಲಿ ಹಳದಿ ಗರುಗವೂ ಸೊಂಪಾಗಿ ಬೆಳೆಯುತ್ತದೆ.

ಇನ್ನೊಂದು ಪ್ರಶ್ನೆಗೂ ಇಲ್ಲಿಯೇ ಉತ್ತರ ಹುಡುಕಬೇಕು. ಇದು ನೆಟ್ಟದ್ದೋ ನೆಲೆಸಿದ್ದೋ? ಕಂಪೌಂಡ್ ಗೋಡೆಯ ಒಳಗೆ ಸಾಲಾಗಿ, ಕತ್ತರಿಸಿದ ಅಂಚಿನೊಂದಿಗೆ ಇದ್ದರೆ ಅದು ಸಾಕಿದ ಗಿಡ. ಗೋಡೆಯ ಹೊರಗೆ ಚರಂಡಿಗೆ ಇಳಿದಿದ್ದರೆ ತಪ್ಪಿಸಿಕೊಂಡದ್ದು. ಹತ್ತಿರ ಮನೆಯಿಲ್ಲದ ತೋಡಿನ (ಸಣ್ಣ ಹಳ್ಳದ) ಬದಿಯಲ್ಲಿ, ಯಾರೂ ನೀರು ಗೊಬ್ಬರ ಹಾಕದೆ, ಬೇಸಗೆ ಕಳೆದು ಮತ್ತೊಂದು ಮಳೆಗಾಲ ಕಂಡಿದ್ದರೆ ನೆಲೆಸಿದ್ದು. ಈ ಮೂರನ್ನು ಬೇರೆಬೇರೆಯಾಗಿ ಬರೆದುಕೊಳ್ಳದೆ ಎಲ್ಲವನ್ನೂ ‘ಕಾಡುಹೂ’ ಎಂದು ದಾಖಲಿಸಿದರೆ ಆ ದಾಖಲೆಯಿಂದ ಮುಂದೆ ಯಾರಿಗೂ ಉಪಯೋಗವಿಲ್ಲ.

ಹಂತ 2: ಕಾಂಡ

ಹಬ್ಬಿದ ಕಾಂಡ ಒಂದನ್ನು ಮೆಲ್ಲಗೆ ಎತ್ತಿ. ಎರಡೂ ಗಿಡಗಳಲ್ಲಿ ಗೆಣ್ಣುಗೆಣ್ಣಿಗೆ ಬಿಳಿ ಬೇರು ಇಳಿದಿರುತ್ತದೆ, ಹೂ ಬಿಡುವ ಕವಲು ಮಾತ್ರ ನೆಲ ಬಿಟ್ಟು ಮೇಲೇಳುತ್ತದೆ. ಎಲೆಗಳು ಜೋಡಿಯಾಗಿ ಎದುರುಬದುರು. ಎಲೆ ಒಂದೊಂದಾಗಿ ಕಾಂಡದ ಸುತ್ತ ಹತ್ತಿದ್ದರೆ ಎರಡೂ ಅಲ್ಲ, ಇಲ್ಲಿಗೇ ನಿಲ್ಲಿಸಿ. ಟ್ರೈಲೋಬೇಟಾದ ಕಾಂಡ ದಪ್ಪ, ರಸಭರಿತ, ಮುರಿದರೆ ‘ಪಟ್’ ಎಂದು ತುಂಡಾಗುತ್ತದೆ. ಹಳದಿ ಗರುಗದ್ದು ಸಪೂರ. ಕಾಂಡದಿಂದ ಇಷ್ಟು ತಿಳಿದರೆ ಸಾಕು.

ಹಂತ 3: ಎಲೆ

ಹೆಚ್ಚು ಹೊತ್ತು ಕಳೆಯಬೇಕಾದದ್ದು ಇಲ್ಲಿ. ಹೂವಿನಿಂದ ಗಿಡದ ಕುಟುಂಬ ಗೊತ್ತಾಗುತ್ತದೆ, ಈ ಎರಡು ಗಿಡಗಳಲ್ಲಿ ಯಾವುದು ಎಂಬುದು ಗೊತ್ತಾಗುವುದು ಎಲೆಯಿಂದ. ಹೂವಿನ ಫೋಟೋ ಕಳಿಸಿ ‘ಇದು ಯಾವುದು’ ಎಂದು ಕೇಳುವವರಿಗೆ ಖಚಿತ ಉತ್ತರ ಸಿಗದಿರುವುದು ಇದೇ ಕಾರಣಕ್ಕೆ.

ಯಾವ ಎಲೆ ಆರಿಸಬೇಕು ಎಂಬುದೇ ಮೊದಲ ಮಾತು. ಹೂವಿನ ತೊಟ್ಟಿಗೆ ತಾಗಿದ ಎಲೆ ಬೇಡ, ಅದು ಎರಡರಲ್ಲೂ ಚಿಕ್ಕದು ಮತ್ತು ಕಿರಿದು. ಕಾಂಡದ ತುದಿಯ ಎಳೆ ಜೋಡಿಯೂ ಬೇಡ. ಬಿಸಿಲು ಬೀಳುವಲ್ಲಿ ಹಬ್ಬಿದ ಕಾಂಡದ ನಡುಭಾಗದಿಂದ, ಬೇರೆಬೇರೆ ಕಾಂಡಗಳಿಂದ, ಐದು ಬಲಿತ ಎಲೆ ಕೀಳಿ. ಬಿಳಿ ಕಾಗದದ ಮೇಲೆ ಸಾಲಾಗಿಟ್ಟು ಒಂದೊಂದರ ಉದ್ದ ಮತ್ತು ಅತಿ ಅಗಲದ ಭಾಗವನ್ನು ಅಳೆಯಿರಿ.

ಟ್ರೈಲೋಬೇಟಾದ ಎಲೆ 4ರಿಂದ 9 ಸೆಂಟಿಮೀಟರ್ ಉದ್ದ, 2ರಿಂದ 5 ಸೆಂಟಿಮೀಟರ್ ಅಗಲ. ಉದ್ದ ಅಗಲದ ಸುಮಾರು ಎರಡು ಪಟ್ಟು. ಹಳದಿ ಗರುಗದ್ದು 2ರಿಂದ 7 ಸೆಂಟಿಮೀಟರ್ ಉದ್ದ, ಅಗಲ ಸಾಮಾನ್ಯವಾಗಿ ಒಂದೂವರೆ ಸೆಂಟಿಮೀಟರಿನೊಳಗೆ. ಉದ್ದ ಅಗಲದ ಮೂರು ಪಟ್ಟು, ಎಷ್ಟೋ ಸಲ ಅದಕ್ಕೂ ಹೆಚ್ಚು. ಐದು ಎಲೆಗಳ ಉದ್ದವನ್ನು ಅವವುಗಳ ಅಗಲದಿಂದ ಭಾಗಿಸಿ ಸರಾಸರಿ ತೆಗೆಯಿರಿ. ಎರಡರ ಆಸುಪಾಸು ಬಂದರೆ ಪರದೇಶಿ, ಮೂರು ದಾಟಿದರೆ ಊರಿನದು. ಎರಡೂವರೆಯ ಹತ್ತಿರ ಬಂದರೆ ಮುಂದಿನ ಗುರುತುಗಳನ್ನು ಇನ್ನಷ್ಟು ಜಾಗ್ರತೆಯಿಂದ ನೋಡಿ.

ಆಮೇಲೆ ಅಂಚು. ಟ್ರೈಲೋಬೇಟಾ ಎಂದರೆ ಮೂರು ಹಾಳೆಯದು. ಎಲೆಯ ನಡು ದಾಟಿದ ಮೇಲೆ ಎಡಬಲಕ್ಕೆ ಒಂದೊಂದು ಕಿವಿ ಚಾಚಿಕೊಂಡಿರುತ್ತದೆ, ಮುಂದೆ ನಡುಹಾಳೆ ತುದಿಗೆ ಚೂಪಾಗುತ್ತದೆ. ಮೇಲ್ಭಾಗದ ಅಂಚಿನಲ್ಲಿ ಸಣ್ಣದು ದೊಡ್ಡದು ಬೆರೆತ ಗರಗಸ ಹಲ್ಲುಗಳು; ಬುಡದ ಕಡೆ ಅಂಚು ನಯವಾಗಿ ಬೆಣೆಯಂತೆ ಕಿರಿದಾಗುತ್ತ ಹೋಗಿ ತೊಟ್ಟೇ ಇಲ್ಲದಂತೆ ಕಾಂಡಕ್ಕೆ ಸೇರುತ್ತದೆ. ಹಳದಿ ಗರುಗದಲ್ಲಿ ಕಿವಿಗಳೇ ಇಲ್ಲ. ಅಂಚು ಒಂದೋ ಪೂರ್ತಿ ನಯ, ಇಲ್ಲವೇ ದೂರದೂರಕ್ಕೆ ಒಂದರಿಂದ ಮೂರು ಜೊತೆ ಸಣ್ಣ ಹಲ್ಲು. ತೊಟ್ಟು ಇದರಲ್ಲೂ ಇಲ್ಲವೆನ್ನುವಷ್ಟು ಗಿಡ್ಡ.

ಇಲ್ಲೊಂದು ಎಚ್ಚರಿಕೆ. ‘ಮೂರು ಹಾಳೆ ಇಲ್ಲ, ಆದ್ದರಿಂದ ಇದು ಗರುಗ’ ಎನ್ನುವುದು ಎಲ್ಲಕ್ಕಿಂತ ಸಾಮಾನ್ಯವಾಗಿ ಆಗುವ ತಪ್ಪು. ಅಡಿಕೆ ತೋಟದ ನೆರಳಲ್ಲಿ ಬೆಳೆದ ಟ್ರೈಲೋಬೇಟಾದ ಎಷ್ಟೋ ಎಲೆಗಳಲ್ಲಿ ಕಿವಿ ಮೂಡಿರುವುದೇ ಇಲ್ಲ, ಬರೀ ಹಲ್ಲುಗಳಿರುತ್ತವೆ. ಕತ್ತಿಯಲ್ಲಿ ಸವರಿದ ಮೇಲೆ ಚಿಗುರಿದ ಎಲೆಗಳೂ ಹಾಗೆಯೇ. ಕಿವಿ ಇದ್ದರೆ ಅದು ಟ್ರೈಲೋಬೇಟಾ ಎನ್ನಲು ಒಳ್ಳೆಯ ಆಧಾರ. ಕಿವಿ ಇಲ್ಲದಿರುವುದು ಯಾವುದಕ್ಕೂ ಆಧಾರವಲ್ಲ. ಐದು ಎಲೆ ಕೀಳಿ ಎಂದದ್ದು ಇದಕ್ಕೇ. ಐದರಲ್ಲಿ ಒಂದಕ್ಕೆ ಕಿವಿ ಕಂಡರೂ ಸಾಕು, ಅದೇ ಬಳ್ಳಿಯ ಬಿಸಿಲಿನ ಕಡೆ ಹುಡುಕಿದರೆ ಇನ್ನೂ ಸಿಗುತ್ತವೆ.

ಕೊನೆಗೆ ರೋಮ. ಎಲೆಯನ್ನು ಓರೆಯಾಗಿ ಬೆಳಕಿಗೆ ಹಿಡಿದು ಲೆನ್ಸಿನಲ್ಲಿ ಮೇಲ್ಮೈ ನೋಡಿ. ಟ್ರೈಲೋಬೇಟಾದ ಎಲೆ ದಪ್ಪ, ಮೇಲ್ಮೈ ಹೊಳಪು. ರೋಮ ಇದ್ದರೂ ಆ ಹೊಳಪು ಮೊದಲು ಕಣ್ಣಿಗೆ ಬೀಳುತ್ತದೆ. ಹಳದಿ ಗರುಗದ ಎರಡೂ ಮೈಯಲ್ಲಿ ಬಿಳಿಯ ಒರಟು ರೋಮಗಳು ಮಲಗಿಕೊಂಡಿರುತ್ತವೆ, ಅದರಿಂದ ಎಲೆ ಮಂಕು. ತುದಿಯಿಂದ ಬುಡದ ಕಡೆಗೆ ಬೆರಳಾಡಿಸಿದರೆ ಸಣ್ಣ ಮರಳುಕಾಗದ ಸವರಿದ ಹಾಗಾಗುತ್ತದೆ. ಮಳೆಯಲ್ಲಿ ನೆನೆದ ಎಲೆಯಲ್ಲಿ ಈ ಪರೀಕ್ಷೆ ಮಾಡಬೇಡಿ. ಒದ್ದೆ ಎಲೆಯೆಲ್ಲ ಹೊಳೆಯುತ್ತದೆ.

ಹಂತ 4: ಹೂವನ್ನು ಬಿಚ್ಚುವುದು

ನಾವು ಒಂದು ಹೂ ಎನ್ನುವುದು ನಿಜವಾಗಿ ಹತ್ತಾರು ಕಿರುಹೂಗಳ ಕೂಟ. ಸೂರ್ಯಕಾಂತಿ ಕುಟುಂಬದ ಲಕ್ಷಣವೇ ಇದು. ಇದನ್ನು ಹೂತಲೆ ಎನ್ನೋಣ. ಗಿಡದಲ್ಲಿ ಎಲೆಯ ಕಂಕುಳಿನಿಂದಲೋ ಕವಲ ತುದಿಯಿಂದಲೋ ಉದ್ದ ತೊಟ್ಟೊಂದು ಎದ್ದು, ಅದರ ತುದಿಗೆ ಒಂದೇ ಹೂತಲೆ ಇದೆಯೇ ನೋಡಿ. ಟ್ರೈಲೋಬೇಟಾದ ತೊಟ್ಟು ಸಾಮಾನ್ಯವಾಗಿ 3ರಿಂದ 10 ಸೆಂಟಿಮೀಟರ್, ಹಳದಿ ಗರುಗದ್ದು 6ರಿಂದ 15. ನಡುವೆ ಒಂದರ ಮೇಲೊಂದು ಬೀಳುವ ಅಳತೆ, ಹಾಗಾಗಿ ಪೂರಕ ಗುರುತು ಮಾತ್ರ. ತೊಟ್ಟು 12 ಸೆಂಟಿಮೀಟರ್ ದಾಟಿ ಎಲೆಯೂ ಕಿರಿದಾಗಿದ್ದರೆ ಗರುಗದ ಕಡೆಗೆ ತಕ್ಕಡಿ ವಾಲುತ್ತದೆ.

ಪೂರ್ತಿ ಬಿರಿದ ಒಂದು, ಅಂಚಿನ ದಳಗಳು ಬಾಡತೊಡಗಿದ ಒಂದು, ಹೀಗೆ ಎರಡು ಹೂತಲೆ ತೆಗೆದುಕೊಂಡು ನೆರಳಿಗೆ ಬನ್ನಿ. ಗಾಳಿ ಬೀಸುವಲ್ಲಿ ಕುಳಿತರೆ ಮುಂದೆ ಹೇಳುವುದು ಯಾವುದೂ ಆಗದು.

ಮೊದಲು ತಲೆಕೆಳಗು ಮಾಡಿ ಹಿಂಭಾಗ ನೋಡಿ. ಹಸಿರು ಎಲೆಯಂಥ ಹೊದಿಕೆಗಳು ಬಟ್ಟಲಿನ ಹಾಗೆ ಹೂತಲೆಯನ್ನು ಹಿಡಿದಿರುತ್ತವೆ, ಬಟ್ಟಲಿನ ಎತ್ತರ ಸುಮಾರು ಒಂದು ಸೆಂಟಿಮೀಟರ್. ಟ್ರೈಲೋಬೇಟಾದಲ್ಲಿ ಹೊರಗಿನ ಹೊದಿಕೆಗಳು ಈಟಿಯಂತೆ ತುದಿಗೆ ಚೂಪು, ಅಂಚಿನಲ್ಲಿ ಸಣ್ಣ ರೋಮದ ಸಾಲು. ಹಳದಿ ಗರುಗದಲ್ಲಿ ಹೊರಸುತ್ತಿನವು ಹೆಚ್ಚು ಅಗಲ, ತುದಿ ಮೊಂಡು, ಒಳಸುತ್ತಿನವು ಅದಕ್ಕಿಂತ ಚಿಕ್ಕವು. ಎಲೆಯ ನಂತರ ನಾವು ಬೆಲೆ ಕೊಡುವ ಗುರುತು ಇದು. ಬಾಡಿದ ಹೂವಿನಲ್ಲಿ ಹೊದಿಕೆಯ ತುದಿ ಸುರುಟಿಕೊಂಡು ಮೊಂಡೂ ಚೂಪಾಗಿ ಕಾಣುತ್ತದೆ. ಬಿರಿದ ಹೂವಿನಲ್ಲೇ ನೋಡಿ.

ಈಗ ಹೂತಲೆಯನ್ನು ಬ್ಲೇಡಿನಿಂದ ತೊಟ್ಟಿನ ಸಮೇತ ಮೇಲಿಂದ ಕೆಳಗೆ ಎರಡು ಹೋಳು ಮಾಡಿ. ಒಂದು ಹೋಳನ್ನು ಕಪ್ಪು ಕಾಗದದ ಮೇಲಿಟ್ಟು ಲೆನ್ಸು ಹಿಡಿಯಿರಿ. ತಳದಲ್ಲಿ ಸ್ವಲ್ಪ ಉಬ್ಬಿದ ದಿಂಬು ಕಾಣುತ್ತದೆ. ಅದರ ಅಂಚಿಗೆ ಒಂದು ಸಾಲು ನಾಲಗೆ ಹೂಗಳು. ದಳ ಎಂದು ನಾವು ಎಣಿಸುವುದು ಇವನ್ನೇ. ನಡುವೆ ಒತ್ತೊತ್ತಾಗಿ ಕೊಳವೆ ಹೂಗಳು. ಪಿನ್ನಿನ ಮೊನೆಯಿಂದ ಒಂದು ನಾಲಗೆ ಹೂವನ್ನು ಬುಡಸಹಿತ ಎಬ್ಬಿಸಿ. 6ರಿಂದ 15 ಮಿಲಿಮೀಟರ್ ಉದ್ದದ ಹಳದಿ ನಾಲಗೆ, ತುದಿಯಲ್ಲಿ ಎರಡು ಮೂರು ಸಣ್ಣ ಕಚ್ಚು, ಬುಡದಿಂದ ಹೊರಟ ಶಲಾಕೆ (ಹೂವಿನ ಹೆಣ್ಣು ಭಾಗದ ಕಡ್ಡಿ) ತುದಿಗೆ ಇಬ್ಭಾಗವಾಗಿರುತ್ತದೆ. ಕೇಸರ ಇಲ್ಲ: ಈ ಹೂ ಹೆಣ್ಣು.

ಮುಂದೆ ನಡುವಿನ ಒಂದು ಕೊಳವೆ ಹೂ ಎಬ್ಬಿಸಿ. 4–5 ಮಿಲಿಮೀಟರಿನ ಹಳದಿ ಕೊಳವೆ, ಬಾಯಿಗೆ ಐದು ಹಲ್ಲು, ಒಳಗಿನಿಂದ ಇಣುಕುವ ಕಪ್ಪು ಬಣ್ಣದ ಪರಾಗಕೋಶದ ಕೊಳವೆ, ಅದರ ನಡುವಿನಿಂದ ತಲೆಯೆತ್ತುವ ಶಲಾಕೆ. ಹಳದಿಯ ನಡುವೆ ಆ ಕಪ್ಪು ಗೆರೆ ಲೆನ್ಸಿನಲ್ಲಿ ಬಹಳ ಚೆಂದ ಕಾಣುತ್ತದೆ. ಕೊಳವೆ ಹೂವನ್ನು ಎಬ್ಬಿಸುವಾಗ ಅದರ ಜೊತೆಗೇ ದೋಣಿಯಂತೆ ಮಡಚಿದ, ಹೊಟ್ಟಿನಂಥ ಪೊರೆಯೊಂದು ಬರುತ್ತದೆ. ಅದನ್ನು ಕಸವೆಂದು ಊದಿಬಿಡಬೇಡಿ. ಪ್ರತಿ ಕೊಳವೆ ಹೂವನ್ನೂ ಹೀಗೊಂದು ಹೊಟ್ಟುಪೊರೆ ಅಪ್ಪಿಕೊಂಡಿರುವುದು ಸೂರ್ಯಕಾಂತಿಯ ಹತ್ತಿರದ ಬಳಗದ ಗುರುತು. ಪೊರೆ ಇಲ್ಲದೆ ದಿಂಬು ಬೋಳಾಗಿದ್ದರೆ ನಿಮ್ಮ ಗಿಡ ಇವೆರಡೂ ಅಲ್ಲ.

ನಾಲಗೆ ಹೂಗಳನ್ನು ಎಣಿಸಿ ಬರೆದುಕೊಳ್ಳಿ. ಟ್ರೈಲೋಬೇಟಾದಲ್ಲಿ ಸಾಮಾನ್ಯವಾಗಿ 8ರಿಂದ 13, ಸೊರಗಿದ ಗಿಡದಲ್ಲಿ ನಾಲ್ಕೈದೂ ಇರಬಹುದು. ಹಳದಿ ಗರುಗದ ಎಣಿಕೆಯೂ ಈ ಅಂದಾಜಿನೊಳಗೇ ಬೀಳುವುದರಿಂದ ಎಣಿಕೆಯಿಂದ ಇವೆರಡನ್ನು ಬೇರ್ಪಡಿಸಲಾಗದು.

ಹಂತ 5: ಬೀಜ ಸಿಕ್ಕರೆ

ಬಾಡಿದ ಹೂತಲೆಯನ್ನು ಬಿಳಿ ಕಾಗದದ ಮೇಲೆ ಬಿಡಿಸಿ. ಟ್ರೈಲೋಬೇಟಾ ಬೀಜ ಕಟ್ಟುವುದು ಕಡಿಮೆ; ಅದು ಹರಡುವುದು ಮುಖ್ಯವಾಗಿ ಕಾಂಡದ ತುಂಡಿನಿಂದ. ಬಲಿತ ಬೀಜ ಸಿಕ್ಕಿದರೆ ನಾಲ್ಕೈದು ಮಿಲಿಮೀಟರ್ ಉದ್ದ, ಕಂದು, ಮೈಯೆಲ್ಲ ಗಂಟುಗಂಟು, ತಲೆಯಲ್ಲಿ ಹರಿದ ಅಂಚಿನ ಪುಟ್ಟ ಕಿರೀಟ. ಗರುಗದ ಬೀಜದ ತಲೆಯಲ್ಲೂ ಅಂಥದೇ ಕಿರೀಟ. ಬೀಜದಿಂದ ಇವೆರಡನ್ನು ಬಿಡಿಸಲು ಹೋಗಬೇಡಿ. ಆದರೆ ಕೆಳಗಿನ ಬೇರೆ ಗಿಡಗಳನ್ನು ಪಟ್ಟಿಯಿಂದ ಹೊರಹಾಕಲು ಈ ಕಿರೀಟ ಬಲವಾದ ಸಾಕ್ಷಿ.

ದಾರಿ ತಪ್ಪಿಸುವ ಇತರರು

ಎಲ್ಲರಿಗಿಂತ ಹತ್ತಿರದ ಸೋದರಸಂಬಂಧಿ ವೊಲಾಸ್ಟೋನಿಯಾ ಬೈಫ್ಲೋರಾ. ಕಡಲ ದಂಡೆಯಲ್ಲಿ, ಹೊಳೆ ಕಡಲು ಸೇರುವ ಅಳಿವೆಯ ಬದಿಯಲ್ಲಿ ಪೊದೆಯಾಗಿ ಬೇರೆ ಗಿಡಗಳ ಮೇಲೆ ಏರುವ ಇದೂ ಊರಿನ ಗಿಡವೇ. ಎಲೆಗೆ ಸ್ಪಷ್ಟವಾದ ತೊಟ್ಟಿದೆ, ಒಂದೆರಡು ಸೆಂಟಿಮೀಟರ್, ಕೆಲವೊಮ್ಮೆ ನಾಲ್ಕೂ ಆಗಬಹುದು. ಎಲೆಯ ಹಾಳೆ ಮೊಟ್ಟೆಯಾಕಾರದ್ದು, ಕಿವಿ ಇಲ್ಲ. ಹೂತಲೆಗಳು ಎಷ್ಟೋ ಸಲ ಎರಡು ಮೂರು ಒಟ್ಟಿಗೆ. ಬೀಜದ ತಲೆಯಲ್ಲಿ ಕಿರೀಟ ಇಲ್ಲ. ಇದ್ದರೆ ಒಂದೆರಡು ಉದುರುವ ಬಿರುಗೂದಲು ಅಷ್ಟೆ.

ಬಿಳಿ ಹೂವಿನ ನಿಜವಾದ ಗರುಗ, ಎಕ್ಲಿಪ್ಟಾ ಪ್ರೋಸ್ಟ್ರೇಟಾ, ಹೂಬಿಟ್ಟಾಗ ಯಾರಿಗೂ ತಪ್ಪುವುದಿಲ್ಲ. ಹೂವಿಲ್ಲದಾಗ ಅದರ ಕಿರಿದಾದ ಒರಟು ಎಲೆ ಹಳದಿ ಗರುಗದಂತೆಯೇ ಇರುತ್ತದೆ. ನಾಲ್ಕೈದು ಎಲೆ ಅಂಗೈಯಲ್ಲಿ ಚೆನ್ನಾಗಿ ಹಿಸುಕಿ ಕೆಲ ನಿಮಿಷ ಬಿಡಿ. ಎಕ್ಲಿಪ್ಟಾದ ರಸ ಗಾಳಿ ತಾಗಿ ಕಪ್ಪಾಗುತ್ತದೆ, ಕೈಗೂ ಕಪ್ಪು ಹಿಡಿಯುತ್ತದೆ.

ಟ್ರೈಡ್ಯಾಕ್ಸ್ ನೆಲದಲ್ಲಿ ಹಬ್ಬಿ ಗೇಣುದ್ದದ ತೊಟ್ಟಿನ ಮೇಲೆ ಹೂ ಎತ್ತುತ್ತದೆ. ನಡು ಹಳದಿ, ಆದರೆ ಅಂಚಿನ ನಾಲಗೆಗಳು ಕೆನೆಬಿಳಿ, ಸಂಖ್ಯೆ ಐದರ ಆಸುಪಾಸು. ಬೀಜದ ತಲೆಯಲ್ಲಿ ಗರಿಯಂಥ ಕುಚ್ಚು ಇದ್ದು ಗಾಳಿಗೆ ಹಾರುತ್ತದೆ. ಸಿನೆಡ್ರೆಲ್ಲಾ ನೆಟ್ಟಗೆ ನಿಲ್ಲುವ ಒಂದು ವರ್ಷದ ಗಿಡ. ಪುಟ್ಟ ಹಳದಿ ಹೂತಲೆಗಳು ತೊಟ್ಟೇ ಇಲ್ಲದಂತೆ ಎಲೆಯ ಕಂಕುಳಿಗೆ ಅಂಟಿರುತ್ತವೆ, ಬೀಜಕ್ಕೆ ಎರಡು ಗಡುಸಾದ ಮುಳ್ಳು. ಹಲ್ಲುನೋವಿಗೆ ಜಗಿಯುವ ಆಕ್ಮೆಲ್ಲಾದ ಹೂತಲೆ ಗೋಪುರದಂತೆ ಮೇಲೆದ್ದಿರುತ್ತದೆ, ನಾಲಗೆ ಹೂ ಇಲ್ಲ ಅಥವಾ ಕಾಣಿಸದಷ್ಟು ಚಿಕ್ಕದು.

ತೋಟಗಳಲ್ಲಿ ನೆಲಹೊದಿಕೆಗೆಂದು ಬೆಳೆಸುವ ಪಿಂಟೋ ನೆಲಗಡಲೆಯನ್ನೂ ದೂರದಿಂದ ನೋಡಿ ಡೇಸಿ ಎನ್ನುವವರಿದ್ದಾರೆ. ಹತ್ತಿರ ಹೋದರೆ ಸಂಶಯಕ್ಕೆ ಎಡೆಯೇ ಇಲ್ಲ: ಒಂದು ತೊಟ್ಟಿಗೆ ನಾಲ್ಕು ಎಲೆ, ಹೂ ಅವರೆ ಹೂವಿನ ಆಕಾರದ್ದು.

ತೀರ್ಮಾನ ಕೈಗೆ ಸಿಗದಾಗ

ಎಲೆಯ ಅನುಪಾತ ನಡುವೆ, ಕಿವಿ ಇದೆಯೋ ಇಲ್ಲವೋ ಎಂಬಂತೆ, ರೋಮವೂ ಸಾಧಾರಣ: ಇಂಥ ಗಿಡವೂ ಎದುರಾಗಬಹುದು. ದಕ್ಷಿಣ ಚೀನಾದಲ್ಲಿ ಇವೆರಡೂ ಒಟ್ಟಿಗೆ ಬೆಳೆಯುವಲ್ಲಿ ಸಹಜವಾಗಿ ಆದ ಬೆರಕೆ ತಳಿ ದಾಖಲಾಗಿದೆ. ಹಾಗೆಂದು ಕಂಡ ಕಷ್ಟದ ಗಿಡವನ್ನೆಲ್ಲ ಬೆರಕೆ ಎನ್ನಬಾರದು. ಬಹುಪಾಲು ಸಲ ಅದು ನೆರಳಲ್ಲಿ ಬೆಳೆದ ಟ್ರೈಲೋಬೇಟಾವೇ ಆಗಿರುತ್ತದೆ. ಒಂದು ಗೆಣ್ಣು ತಂದು ಕುಂಡದಲ್ಲಿ ಬಿಸಿಲಿಗಿಟ್ಟು, ಹೊಸ ಎಲೆಗಳು ಬಲಿಯುವವರೆಗೆ ಕಾಯಿರಿ. ಕಿವಿ ಮೂಡಿದರೆ ಉತ್ತರ ಸಿಕ್ಕಿತು. ಕುಂಡ ಸಿಮೆಂಟಿನ ನೆಲದ ಮೇಲಿರಲಿ, ಮಣ್ಣಿನ ಮೇಲೆ ಬೇಡ.

ಫೋನಿನ ಆ್ಯಪ್ ಬಳಸುವುದರಲ್ಲಿ ತಪ್ಪಿಲ್ಲ. ಆದರೆ ಹೂವಿನ ಒಂದೇ ಫೋಟೋ ಕೊಟ್ಟರೆ ಅದೂ ಊಹಿಸುತ್ತದೆ ಅಷ್ಟೆ. ಐದು ಎಲೆಗಳ ಸಾಲು ಸ್ಕೇಲಿನ ಜೊತೆ, ಎಲೆಯ ಎರಡೂ ಮೈ ಹತ್ತಿರದಿಂದ, ಹೂತಲೆಯ ಹಿಂಭಾಗ, ಎರಡು ಹೋಳು ಮಾಡಿದ ಹೂತಲೆ, ಗೆಣ್ಣಿನ ಬೇರು, ದೂರದಿಂದ ಹಬ್ಬು: ಇಷ್ಟು ಫೋಟೋ ಇದ್ದರೆ ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್‌ನಂಥ ತಾಣದಲ್ಲಿ ಹಾಕಿದಾಗ ಬಲ್ಲವರು ಹೆಸರು ಹೇಳಲು ಸಾಧ್ಯ.

ಒಣ ಮಾದರಿ ಮಾಡಿಡುವುದು

ಗುರುತಿಸಿದ್ದನ್ನು ನಾಳೆ ಇನ್ನೊಬ್ಬರು ಪರೀಕ್ಷಿಸುವಂತಿರಬೇಕು. ಬೇರಿಳಿದ ಎರಡು ಗೆಣ್ಣು, ನಾಲ್ಕೈದು ಜೊತೆ ಎಲೆ, ಎರಡು ಹೂ ಇರುವ 30–35 ಸೆಂಟಿಮೀಟರಿನ ಕವಲು ಆರಿಸಿ. ಅಂಟಿಸುವ ಹಾಳೆ ಸಾಮಾನ್ಯವಾಗಿ 42 ಸೆಂಟಿಮೀಟರ್ ಉದ್ದ, 28 ಸೆಂಟಿಮೀಟರ್ ಅಗಲ, ಅದರಾಚೆ ಚಾಚದಿರಲಿ.

ಟ್ರೈಲೋಬೇಟಾವನ್ನು ಒಣಗಿಸುವುದು ಸುಲಭವಲ್ಲ. ಎಲೆ ಕಾಂಡದಲ್ಲಿ ನೀರು ಹೆಚ್ಚು, ಕಾಗದದ ನಡುವೆಯೂ ದಿನಗಟ್ಟಲೆ ಜೀವ ಹಿಡಿದಿರುತ್ತದೆ, ಆಮೇಲೆ ಕಪ್ಪಾಗಿ ಎಲೆ ಕಳಚುತ್ತದೆ. ಹೂವನ್ನು ಹೊರಗೆ ಹಿಡಿದು ಎಲೆ ಕಾಂಡವನ್ನು ಮಾತ್ರ ಕುದಿಯುವ ನೀರಿಗೆ ಕೆಲವು ಸೆಕೆಂಡ್ ಅದ್ದಿ ತೆಗೆದು, ಬಟ್ಟೆಯಲ್ಲಿ ಒರೆಸಿ, ಹಳೆಯ ಪತ್ರಿಕೆಯ ನಡುವೆ ಹರಡಿ. ಎರಡು ಎಲೆಯನ್ನು ಮಗುಚಿಟ್ಟು ಹಿಂಭಾಗ ಕಾಣುವಂತೆ ಮಾಡಿ, ಒಂದು ಹೂವನ್ನೂ ಹಾಗೆಯೇ. ಮೇಲೆ ಹಲಗೆ, ಹಲಗೆಯ ಮೇಲೆ ಕಲ್ಲು. ಮೊದಲ ನಾಲ್ಕು ದಿನ ದಿನಕ್ಕೊಮ್ಮೆ, ಆಮೇಲೆ ಎರಡು ದಿನಕ್ಕೊಮ್ಮೆ ಪತ್ರಿಕೆ ಬದಲಿಸಿ. ಆಟಿ ತಿಂಗಳ (ಜುಲೈ–ಆಗಸ್ಟ್) ಮಳೆಯಲ್ಲಿ ಪತ್ರಿಕೆಯೇ ತಣಸಾಗಿರುತ್ತದೆ. ಹಾಕುವ ಮೊದಲು ಇಸ್ತ್ರಿ ಪೆಟ್ಟಿಗೆಯಲ್ಲಿ ಬಿಸಿ ಮಾಡಿಕೊಳ್ಳಿ, ಇಲ್ಲವಾದರೆ ಮೂರೇ ದಿನದಲ್ಲಿ ಬೂಸರು.

ಚೀಟಿಯಲ್ಲಿ ದಿನಾಂಕ, ಊರು, ಜಾಗದ ಸ್ವರೂಪ, ನೆಟ್ಟದ್ದೋ ತಪ್ಪಿಸಿಕೊಂಡದ್ದೋ ನೆಲೆಸಿದ್ದೋ, ಹಬ್ಬಿನ ಉದ್ದಗಲ, ಹಸಿಯಾಗಿದ್ದಾಗಿನ ಹೂವಿನ ಬಣ್ಣ, ಎಲೆಯ ಹೊಳಪು ಬರೆಯಿರಿ. ಬಣ್ಣ ಮತ್ತು ಹೊಳಪು ಒಣಗಿದ ಮೇಲೆ ಉಳಿಯುವುದಿಲ್ಲ, ಬರೆಯದಿದ್ದರೆ ಹೋಯಿತು. ಸುತ್ತಲಿನವರು ಆ ಗಿಡವನ್ನು ಏನೆನ್ನುತ್ತಾರೆ ಎಂಬುದನ್ನೂ ತುಳು, ಮಲಯಾಳ, ಹವ್ಯಕ ಎಂದು ಭಾಷೆಯ ಹೆಸರಿನೊಂದಿಗೆ ಬರೆದಿಡಿ.

ಉಳಿದ ತುಂಡುಗಳು

ಜಗತ್ತಿನ ನೂರು ಅತಿ ಕೆಟ್ಟ ಆಕ್ರಮಣಕಾರಿ ಜೀವಿಗಳು ಎಂದು ಅಂತರರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಒಕ್ಕೂಟ (ಐಯುಸಿಎನ್) ಮಾಡಿದ ಪಟ್ಟಿಯಲ್ಲಿ ಟ್ರೈಲೋಬೇಟಾ ಇದೆ. ಒಂದು ಗೆಣ್ಣಿರುವ ತುಂಡು ಹಸಿ ಮಣ್ಣಿಗೆ ಬಿದ್ದರೆ ಸಾಕು, ಬೇರು ಬಿಡುತ್ತದೆ. ಕತ್ತರಿಸಿ ನೋಡಿದ ಕಾಂಡ, ಕಿತ್ತ ಬಳ್ಳಿ ಯಾವುದನ್ನೂ ತೋಡಿಗೆ, ನೀರಿಗಾಗಿ ಗುಡ್ಡಕ್ಕೆ ಕೊರೆದ ಸುರಂಗದ ಬಾಯಿಗೆ, ಗೊಬ್ಬರದ ಗುಂಡಿಗೆ ಎಸೆಯಬೇಡಿ. ಗಬ್ಬದ ದನಕ್ಕೆ ಮೇವಾಗಿಯೂ ಹಾಕಬೇಡಿ, ದನಕರುಗಳಲ್ಲಿ ಗರ್ಭಪಾತಕ್ಕೆ ಕಾರಣವಾದ ವರದಿಗಳಿವೆ. ಚೀಲಕ್ಕೆ ತುಂಬಿ ಬಾಯಿ ಬಿಗಿದು ಅಂಗಳದ ಬಿಸಿಲಿನಲ್ಲಿ ಪೂರ್ತಿ ಕೊಳೆತು ಕಪ್ಪಾಗುವವರೆಗೆ ಇಡಿ. ಹೊರಡುವ ಮೊದಲು ಚಪ್ಪಲಿಯ ಅಡಿ, ಕತ್ತಿಯ ಅಲಗು, ಮಡಚಿದ ಪ್ಯಾಂಟಿನ ಅಂಚು ಕೊಡವಿಕೊಳ್ಳಿ. ದರೆಯಲ್ಲಿ ಟ್ರೈಲೋಬೇಟಾ ನೋಡಿ ಅಲ್ಲಿಂದ ನೇರ ಹಳದಿ ಗರುಗದ ಹುಣಿಗೆ ಹೋಗುವ ಯೋಚನೆಯಿದ್ದರೆ ದಾರಿ ತಿರುಗಿಸಿ, ಮೊದಲು ಹುಣಿಗೆ ಹೋಗಿ, ಆಮೇಲೆ ದರೆಗೆ ಬನ್ನಿ.